ಯಾರಾದರೂ ಒಬ್ಬರು ಎದ್ದಿರಬೇಕು

ದೊಡ್ಡಬಳ್ಳಾಪುರದಲ್ಲಿ ದಾಬಸ್‌ಪೇಟೆ ಕಡೆಯ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದು, ಟಿಕೆಟ್ಟಿನ ಚಿಲ್ಲರೆಯನ್ನು ಜೇಬಿಗೆ ಹಾಕಿಕೊಳ್ಳುವಷ್ಟರಲ್ಲಿ ನನಗೆ ಕಣ್ಣು ಎಳೆಯತೊಡಗುತ್ತದೆ. ಊರು ದಾಟುವ ಹೊತ್ತಿಗೆ ತಲೆ ಗಾಜಿಗೆ ಒರಗಿರುತ್ತದೆ. ನಮ್ಮ ದೊಡ್ಡಬೆಳವಂಗಲವೇನೂ ದೂರದ ಊರಲ್ಲ. ಆದರೂ ಅಷ್ಟರೊಳಗೆ ಒಂದು ಇಡೀ ರಾತ್ರಿಯ ಸುಖವನ್ನು ಸೂರೆ ಹೊಡೆದು, ನಮ್ಮೂರ ಸ್ಟಾಪಿನಲ್ಲಿ ತಾನಾಗಿಯೇ ಕಣ್ಣು ಬಿಟ್ಟು ಇಳಿಯುವ ವಿದ್ಯೆ ನನಗೆ ಸಿದ್ಧಿಸಿದೆ ಅಂತ ಊರೆಲ್ಲ ಹೇಳಿಕೊಂಡು ಓಡಾಡಿದ್ದೆ. ಕಳೆದ ಶ್ರಾವಣದಲ್ಲಿ ಅಕ್ಕನ ಮನೆಯಲ್ಲಿ ಒಬ್ಬಟ್ಟಿನ ಊಟ ಮುಗಿಸಿ, ನಮ್ಮನೆಯವಳಿಗೆಂದು ಕಟ್ಟಿಕೊಟ್ಟ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತವನು ಕಣ್ಣು ಬಿಟ್ಟಾಗ ಬಂದಿದ್ದದ್ದು ದಾಬಸ್‌ಪೇಟೆ. ಆಚೆ ಶಿವಗಂಗೆ ಬೆಟ್ಟ.

“ಎಬ್ಬಿಸೋದಲ್ವೇನಪ್ಪಾ?” ಅಂದೆ ಕಂಡಕ್ಟರಿಗೆ. ಚಿಗುರು ಮೀಸೆಯ ಹುಡುಗ.

“ಎಬ್ಬಿಸ್ದೆ ಸಾರ್. ‘ಹೂಂ’ ಅಂದ್ರಿ. ಇನ್ನೊಂದ್ಸಲ ಜೋರಾಗಿ ಕೂಗಿದ್ದಕ್ಕೆ ‘ಸೈಲೆನ್ಸ್!’ ಅಂತ ಗದರಿಬಿಟ್ರಿ. ಮೇಷ್ಟ್ರಾಗಿದ್ರಾ ಸಾರ್?”

ನಿವೃತ್ತಿಯಾಗಿ ಇಷ್ಟು ವರ್ಷವಾದರೂ ನಿದ್ದೆಯಲ್ಲಿ ನನಗಿನ್ನೂ ಸರ್ವಿಸ್ ಇದೆ ಅಂತ ಅವತ್ತು ಗೊತ್ತಾಯಿತು.

ಇದೇ ಮಹಾನುಭಾವ ರಾತ್ರಿ ತನ್ನ ಸ್ವಂತ ಮನೆಯಲ್ಲಿ, ಸ್ವಂತ ಮಂಚದ ಮೇಲೆ, ಹೊಸದಾಗಿ ಹತ್ತಿ ಎಕ್ಕಿಸಿ ತುಂಬಿಸಿದ ಹಾಸಿಗೆಯಲ್ಲಿ ಮಲಗಿದರೆ ನಿದ್ದೆ ಹೊಸಿಲ ಹತ್ತಿರವೂ ಸುಳಿಯುವುದಿಲ್ಲ. ಆ ಮಗ್ಗುಲು, ಈ ಮಗ್ಗುಲು. ಹೆದ್ದಾರಿಯಲ್ಲಿ ಹೋಗುವ ಲಾರಿ ಗೇರು ಬದಲಿಸಿದ್ದು ಕೇಳುತ್ತದೆ. ಗೇಟಿಗೆ ಚಿಲಕ ಹಾಕಿದೆನಾ? ಸಿಲಿಂಡರು ಆರಿಸಿದೆನಾ? ಪೆನ್ಷನ್ನಿಗೆ ‘ನಾನಿನ್ನೂ ಬದುಕಿದ್ದೇನೆ’ ಅಂತ ಬರೆದುಕೊಡುವ ಕಾಗದದ ಗಡುವು ಯಾವಾಗ? ಇವೆಲ್ಲ ಮುಗಿದ ಮೇಲೆ ಸರದಿಯಲ್ಲಿ ಬರುವುದು ಹಳೆಯ ಅವಮಾನಗಳು. ಎಷ್ಟೋ ವರ್ಷದ ಹಿಂದೆ ಸ್ಟಾಫ್ ರೂಮಿನಲ್ಲಿ ಒಬ್ಬರು ಆಡಿದ ಕೊಂಕು ಮಾತಿಗೆ ತಕ್ಕ ಉತ್ತರ ನನಗೆ ಹೊಳೆಯುವುದು ಈಗ, ನಡುರಾತ್ರಿ. ಎಂಥ ಉತ್ತರ ಅಂತೀರಿ! ಆದರೆ ಕೇಳಬೇಕಾದವರು ಇವತ್ತು ಎಲ್ಲೋ ಗೊರಕೆ ಹೊಡೆಯುತ್ತಿದ್ದಾರೆ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ ನಮ್ಮ ಹಿರಿಯರು. ಸುಖ ಮೊದಲು, ನಿದ್ದೆ ಆಮೇಲೆ ಅಂತ ಅದರ ಲೆಕ್ಕ. ಗಾದೆಯ ಜೊತೆ ಜಗಳ ಆಡಬಾರದು, ನಿಜ. ಆದರೆ ನಾನು ಸಂತೆಯಲ್ಲಿ ಮಲಗಿದವನನ್ನೇ ಕಣ್ಣಾರೆ ನೋಡಿದ್ದೇನೆ. ಈರುಳ್ಳಿ ವ್ಯಾಪಾರಿ. ಟಾರ್ಪಾಲಿನ ನೆರಳಿನಲ್ಲಿ ಮೂಟೆಗಳ ಮೇಲೆ ಅಂಗಾತ ಬಿದ್ದಿದ್ದ, ಮುಖದ ಮೇಲೆ ಟವೆಲ್ಲು. ರಾತ್ರಿಯೆಲ್ಲ ಲಾರಿಯಲ್ಲಿ ಬಂದವನು, ಈರುಳ್ಳಿ ದರ ಬಿದ್ದ ವಾರ ಬೇರೆ. ಚಿಂತೆ ಇಲ್ಲದವನಂತೂ ಅಲ್ಲವೇ ಅಲ್ಲ. ತಕ್ಕಡಿಯ ಮುಂದೆ ಅವನ ಹೆಂಡತಿ ಕೂತಿದ್ದಳು. ಗಿರಾಕಿ ಚೌಕಾಸಿಗಿಳಿದಾಗ ಆಕೆ ತಿರುಗಿಯೂ ನೋಡದೆ, “ಎಷ್ಟಕ್ ಆಕ್ಲಿ?” ಅಂದರೆ ಟವೆಲ್ಲಿನ ಒಳಗಿನಿಂದ ಒಂದು ಸಂಖ್ಯೆ ಬರುತ್ತಿತ್ತು, ಹಿಂದೆಯೇ ಗೊರಕೆ. ಅವನಿಗೆ ನಿದ್ದೆ ಬಂದದ್ದು ಚಿಂತೆ ಇಲ್ಲದ್ದಕ್ಕಲ್ಲ, ತಕ್ಕಡಿ ಹಿಡಿದವಳು ಎದ್ದಿದ್ದಳು ಅನ್ನುವುದಕ್ಕೆ. ಬಸ್ಸಿನಲ್ಲಿ ನಾನು ಮಲಗುವುದೂ ಡ್ರೈವರು ಎದ್ದಿರುತ್ತಾನೆ ಅನ್ನುವ ಧೈರ್ಯದ ಮೇಲೇ ಇರಬೇಕು.

ನಿದ್ದೆ ಬರುವುದಿಲ್ಲ ಅಂತ ನಮ್ಮ ಕಡೆ ಜಗುಲಿಯ ಮೇಲೆ ಬಾಯಿ ಬಿಡಬಾರದು. ಬಿಟ್ಟರೆ ಹಾದಿಯಲ್ಲಿ ಹೋಗುವವರೆಲ್ಲ ಪಂಡಿತರೇ. ಗಸಗಸೆ ಪಾಯಸ ಕುಡಿಯಿರಿ, ಅಂಗಾಲಿಗೆ ಹರಳೆಣ್ಣೆ ತಿಕ್ಕಿ, ಕನಸವಾಡಿ ಶನಿಮಹಾತ್ಮನಿಗೆ ಎಳ್ಳೆಣ್ಣೆ ದೀಪ ಹಚ್ಚಿ, ಉತ್ತರಕ್ಕೆ ತಲೆ ಹಾಕಬೇಡಿ. ನಾನು ಸ್ವಲ್ಪ ಓದಿದವನಾದ್ದರಿಂದ ನೇರ ಚರಕಸಂಹಿತೆಗೇ ಕೈಹಾಕಿದೆ. ಸೂತ್ರಸ್ಥಾನದ 21ನೇ ಅಧ್ಯಾಯದಲ್ಲಿ ಆ ಮುನಿ ಗಾದೆಯನ್ನು ತಲೆಕೆಳಗು ಮಾಡಿಟ್ಟಿದ್ದಾನೆ. ಸುಖ ದುಃಖ, ದೇಹದ ಪುಷ್ಟಿ ಕೃಶತೆ, ಬಲ ದೌರ್ಬಲ್ಯ, ತಿಳಿವು ಅಜ್ಞಾನ, ಕಡೆಗೆ ಬದುಕು ಸಾವು ಸಹ ನಿದ್ದೆಯ ಅಧೀನವಂತೆ. ಸುಖವಿದ್ದರೆ ನಿದ್ದೆಯಲ್ಲ, ನಿದ್ದೆಯಿದ್ದರೆ ಸುಖ. ಮುಂದೆ 25ನೇ ಅಧ್ಯಾಯದಲ್ಲಿ ಯಾವುದಕ್ಕೆ ಯಾವುದು ಶ್ರೇಷ್ಠ ಅಂತ ಪಟ್ಟಿ ಕೊಡುತ್ತ, ನಿದ್ದೆ ತರಿಸುವುದರಲ್ಲಿ ಎಮ್ಮೆಯ ಹಾಲಿನದೇ ಅಗ್ರಸ್ಥಾನ ಅಂದಿದ್ದಾನೆ.

ಚರಕನ ಕಾಲ ಸುಭಿಕ್ಷದ್ದು. ನಮ್ಮ ಹೋಬಳಿಯಲ್ಲಿ ಈಗ ಎಮ್ಮೆ ಹುಡುಕುವುದೆಂದರೆ ಗಂಡಿಗೆ ಹೆಣ್ಣು ಹುಡುಕಿದ ಹಾಗೆ. ಯಾರನ್ನು ಕೇಳಿದರೂ “ನಮ್ ತಾತನ ಕಾಲದಲ್ಲಿತ್ತು” ಅನ್ನುತ್ತಾರೆ. ಎಲ್ಲರ ಕೊಟ್ಟಿಗೆಯಲ್ಲೂ ಸೀಮೆಹಸು, ಬೆಳಗ್ಗೆ ಸಂಜೆ ಡೇರಿಗೆ ಕ್ಯಾನು. ಕೊನೆಗೆ ಪಕ್ಕದ ಹಳ್ಳಿಯ ಅಜ್ಜಿಯೊಬ್ಬರ ಹತ್ತಿರ ಒಂದು ಎಮ್ಮೆ ಪತ್ತೆಯಾಯಿತು. “ಏನ್ ಮೇಷ್ಟ್ರೇ, ಮಗೀಗಾ?” ಅಂದರು. ನನಗೇ ಅನ್ನಲು ಸಂಕೋಚವಾಗಿ ‘ಹೂಂ’ ಅಂದೆ. ಕೆನೆಗಟ್ಟಿದ ಹಾಲನ್ನು ದೊಡ್ಡ ಲೋಟದ ತುಂಬ ಕುಡಿದು ಮಲಗಿದೆ. ನಿದ್ದೆ ಬಂದದ್ದೇನೋ ನಿಜ. ಆದರೆ ಈ ವಯಸ್ಸಿನಲ್ಲಿ ಮಲಗುವ ಮುಂಚೆ ಲೋಟ ತುಂಬ ಏನು ಕುಡಿದರೂ ರಾತ್ರಿಯೆಲ್ಲ ಹಿತ್ತಿಲಿಗೆ ಓಡಾಡಬೇಕಾಗುತ್ತದೆ ಎಂಬ ಅಂಶವನ್ನು ಚರಕ ಆ ಪಟ್ಟಿಯಲ್ಲಿ ಸೇರಿಸಿಲ್ಲ.

ಹೊಸ ಕಾಲದ ಚರಕರೂ ಇದ್ದಾರೆ. 2007ರಲ್ಲಿ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಒಂದಷ್ಟು ಆರೋಗ್ಯವಂತ ಯುವಕ ಯುವತಿಯರನ್ನು ಸುಮಾರು 35 ಗಂಟೆ ನಿದ್ದೆಯಿಲ್ಲದೆ ಇರಿಸಿ, ಸ್ಕ್ಯಾನರಿನಲ್ಲಿ ಮಲಗಿಸಿ, ಒಂದಾದ ಮೇಲೊಂದು ಚಿತ್ರ ತೋರಿಸಿದರು. ಮೊದಮೊದಲು ಸಾಧಾರಣ ಚಿತ್ರಗಳು, ಬರಬರುತ್ತ ಮನಸ್ಸು ಕಲಕುವಂಥವು. ಮಿದುಳಿನ ಒಳಗೆ ಅಮಿಗ್ಡಲ ಅಂತ ಒಂದು ಪುಟ್ಟ ಭಾಗವಿದೆ. ಭಯ, ಸಿಟ್ಟು ಮೊದಲು ಹೊತ್ತಿಕೊಳ್ಳುವುದು ಅಲ್ಲಿ. ರಾತ್ರಿ ಚೆನ್ನಾಗಿ ಮಲಗಿ ಬಂದವರಿಗಿಂತ ನಿದ್ದೆಗೆಟ್ಟವರಲ್ಲಿ ಅದು ಶೇ 60ಕ್ಕೂ ಹೆಚ್ಚು ಜೋರಾಗಿ ಸಿಡಿಮಿಡಿಗೊಂಡಿತಂತೆ. ಅದನ್ನು ಹಿಡಿತದಲ್ಲಿಡುವ ಹಣೆಯ ಹಿಂದಿನ ಮಿದುಳಿಗೂ ಅದಕ್ಕೂ ನಡುವಿನ ಸಂಪರ್ಕ ಸಡಿಲವಾಗಿತ್ತು. ನಾಲ್ಕು ವರ್ಷ ಬಿಟ್ಟು ಅದೇ ಗುಂಪಿನವರು ಹಿತವಾದ ಚಿತ್ರಗಳನ್ನು ತೋರಿಸಿ ನೋಡಿದರೆ, ನಿದ್ದೆಗೆಟ್ಟವರು ಅದಕ್ಕೂ ಅತಿಯಾಗಿ ಹಿಗ್ಗಿದರು. ಅಂದರೆ ನಿದ್ದೆಯಿಲ್ಲದವನಿಗೆ ಬರೀ ಸಿಟ್ಟು ಅಂತಲ್ಲ, ಅವನಿಗೆ ಎಲ್ಲವೂ ಒಂದು ಗೇಣು ಹೆಚ್ಚೇ.

ಇದನ್ನು ಓದಿದ ಮೇಲೆ ನಮ್ಮ ಮದುವೆಗಳು ನನಗೆ ಅರ್ಥವಾದವು. ಚಪ್ಪರದ ದಿನ ರಾತ್ರಿ ಯಾರೂ ಮಲಗಿರುವುದಿಲ್ಲ. ಮಾರನೆಯ ಸಂಜೆ ಆರತಕ್ಷತೆ, ಫೋಟೋ ಮುಗಿಯುವಾಗ ಮಧ್ಯರಾತ್ರಿ, ಮುಹೂರ್ತಕ್ಕೆ ಕತ್ತಲಿರುವಾಗಲೇ ಏಳಬೇಕು. ಇಷ್ಟಾದ ಮೇಲೆ ಮಂಟಪದಲ್ಲಿ ಚಿಕ್ಕಪ್ಪ ಒಂದು ಹಳಸಲು ಜೋಕು ಹೇಳಿದರೂ ಇಡೀ ಬೀಗರ ಬಳಗ ಬಿದ್ದು ಬಿದ್ದು ನಗುತ್ತದೆ. ಸಾರಿಗೆ ಉಪ್ಪು ಕಮ್ಮಿಯಾಯಿತು ಅಂತ ಇಬ್ಬರು ಭಾವಂದಿರು ಜನ್ಮಕ್ಕಾಗುವಷ್ಟು ಜಗಳ ಆಡಿಕೊಳ್ಳುತ್ತಾರೆ. ಹೆಣ್ಣೊಪ್ಪಿಸುವ ಶಾಸ್ತ್ರದಲ್ಲಿ ಹಾಲಿನ ಬಟ್ಟಲಿನಲ್ಲಿ ಕೈ ಅದ್ದಿ ತಾಯಿ ಅಳುತ್ತಾಳೆ, ಅದು ಸಹಜ, ವಾಲಗದವನೂ ಕಣ್ಣೊರೆಸಿಕೊಳ್ಳುತ್ತಾನಲ್ಲ! ಕರುಳಿನ ಸಂಕಟವನ್ನು ನಾನು ಹಗುರ ಮಾಡುತ್ತಿಲ್ಲ. ಹುಡುಗಿಯ ಕಡೆಯವರಿಗೆ ಹಿಂದಿನ ಎರಡು ರಾತ್ರಿ ಸರಿಯಾಗಿ ನಿದ್ದೆಯಾಗಿದ್ದರೆ ಆ ಕಣ್ಣೀರು ಒಂದು ಸೇರು ಕಮ್ಮಿಯಾಗುತ್ತಿತ್ತು, ಅಷ್ಟೆ. ಇದಕ್ಕೇ ಇರಬೇಕು, ಆಸ್ತಿ ಭಾಗದ ಪಂಚಾಯಿತಿ ರಾತ್ರಿ ಹೊತ್ತಿಗೆ ಜೋರಾದರೆ “ಬೆಳಗ್ಗೆ ನೋಡ್ಕೊಳಾಣ ನಡೀರ್ರೋ” ಅಂತ ಹಳ್ಳಿಯ ಯಜಮಾನರು ಟವೆಲು ಒದರಿಕೊಂಡು ಏಳುತ್ತಿದ್ದರು. ಸ್ಕ್ಯಾನರಿನ ಖರ್ಚಿಲ್ಲದೆ ಅವರಿಗದು ಗೊತ್ತಿತ್ತು.

ಸಂತೋಷವೂ ನಿದ್ದೆಗಳ್ಳನೇ ಅನ್ನುವುದನ್ನು ಮಾತ್ರ ಯಾರೂ ಒಪ್ಪುವುದಿಲ್ಲ. ಎಲ್ಲ ದೂರೂ ದುಃಖದ ಮೇಲೆ. ಶಾಲೆಯ ಪ್ರವಾಸದ ಹಿಂದಿನ ರಾತ್ರಿ ಮಲಗಿದ ಒಬ್ಬ ಹುಡುಗನನ್ನು ತೋರಿಸಿ, ನೋಡೋಣ. ಬೆಳಗ್ಗೆ ನಾಲ್ಕಕ್ಕೆ ಬರಬೇಕಾದ ಬಸ್ಸಿಗೆ ನಮ್ಮ ಹುಡುಗರು ಮೂರಕ್ಕೇ ತಲೆ ಬಾಚಿ ನಿಂತಿರುತ್ತಿದ್ದರು. ಆಮೇಲೆ ಮೈಸೂರಿನ ಅರಮನೆಯ ಮುಂದೆ ಬಸ್ಸು ನಿಂತಾಗ ಅರ್ಧ ಜನ ಸೀಟಿನಲ್ಲೇ ನಿದ್ದೆ. ಮೇಷ್ಟ್ರು ಇದ್ದಾರೆ, ಎಣಿಸಿಕೊಳ್ಳುತ್ತಾರೆ ಅಂತ ಅವರಿಗೆ ಗೊತ್ತಲ್ಲ. ಅವರಿಗೆ ಬಂದಷ್ಟು ನಿದ್ದೆಯನ್ನೂ ನಾನು ಕಳೆದುಕೊಳ್ಳುತ್ತಿದ್ದೆ.

ಅಕ್ಕನ ಮನೆ ಇರುವುದು ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ. ಮನೆಯ ಮುಂಭಾಗದಲ್ಲಿ ಪವರ್‌ಲೂಮು, ಹಿಂಭಾಗದಲ್ಲಿ ಸಂಸಾರ, ಮಧ್ಯೆ ಒಂದು ಗೋಡೆ. ಮೊದಲ ಸಲ ಅಲ್ಲಿ ರಾತ್ರಿ ಉಳಿದವರಿಗೆ ಆ ಸದ್ದಿನಲ್ಲಿ ಹಲ್ಲು ಅದುರುತ್ತದೆ. ಮಗ್ಗದ ಪಕ್ಕದಲ್ಲೇ ತೊಲೆಗೆ ಸೀರೆ ಕಟ್ಟಿದ ಜೋಳಿಗೆ, ಅದರಲ್ಲಿ ಅಕ್ಕನ ಮೊಮ್ಮಗು. ನಾನು ಅಲ್ಲಿ ಉಳಿದ ಒಂದು ರಾತ್ರಿ ಲಾಳಿ ಅತ್ತಿಂದಿತ್ತ ಹೊಡೆದುಕೊಳ್ಳುತ್ತಿದ್ದರೆ ಆ ಕೂಸು ಬಾಯಿ ಅರ್ಧ ತೆರೆದು, ಒಂದು ಕಾಲು ಜೋಳಿಗೆಯಿಂದ ಹೊರಗೆ ಚಾಚಿಕೊಂಡು ಗಾಢನಿದ್ದೆಯಲ್ಲಿತ್ತು. ಇದ್ದಕ್ಕಿದ್ದ ಹಾಗೆ ಕರೆಂಟು ಹೋಯಿತು. ಮಗ್ಗ ನಿಂತಿತು. ನನಗೆ ‘ಅಬ್ಬ’ ಅನ್ನಿಸಿತು, ಕೂಸು ಕಿಟಾರನೆ ಕಿರುಚಿತು. ಒಳಗೆ ಮಲಗಿದ್ದ ಭಾವ ಎದ್ದು ಕೂತರು. ಪಕ್ಕದ ಮನೆಯಲ್ಲಿ ದೀಪದ ಕಡ್ಡಿ ಗೀರಿದ ಸದ್ದು, ಎದುರು ಮನೆಯ ಬಾಗಿಲು ತೆರೆಯಿತು. ಬೀದಿಗೆ ಬೀದಿಯೇ ಎದ್ದಿತ್ತು. ಸದ್ದಿದ್ದರೆ ಮಗ ನೇಯುತ್ತಿದ್ದಾನೆ, ಕರೆಂಟಿದೆ, ವಾರದ ಕೂಲಿ ನಡೆಯುತ್ತಿದೆ. ನಿದ್ದೆಯಲ್ಲೂ ಕಿವಿ ಅದನ್ನೇ ಕೇಳಿಸಿಕೊಳ್ಳುತ್ತಿರುತ್ತದೆ. “ಮಗ್ಗ ನಿಂತ್ರೆ ಎದೆ ಧಸಕ್ ಅಂತದೆ ಕಣೋ,” ಅಂದರು ಭಾವ, ಕತ್ತಲಲ್ಲಿ ಬೀಸಣಿಗೆ ಹುಡುಕುತ್ತ.

ನಾಟಕದಲ್ಲೂ ಹೀಗೇ. ನಮ್ಮ ಕಡೆ ಪೌರಾಣಿಕ ನಾಟಕ ಅಂದರೆ ರಾತ್ರಿ ಶುರುವಾಗಿ ಸೂರ್ಯ ಹುಟ್ಟಿದ ಮೇಲೆ ಮುಗಿಯಬೇಕು. ಪಾತ್ರಧಾರಿಗಳು ಕೈಯಿಂದ ಹಣ ಹಾಕಿ ಪಾತ್ರ ಹಿಡಿದವರು. ಕೃಷ್ಣನ ಪಾತ್ರಕ್ಕೆ ಸಾಲ ಮಾಡಿದವರೂ ಇದ್ದಾರೆ, ಆದ್ದರಿಂದ ಒಂದು ಕಂದವನ್ನೂ ಬಿಡುವುದಿಲ್ಲ. ಮಕ್ಕಳಾದ ನಾವು ವೇದಿಕೆಯ ಬುಡದಲ್ಲಿ ಚಾಪೆ ಹಾಸಿ ಮುಂದಿನ ಸಾಲು ಹಿಡಿದು, ಭೀಮ ಗದೆ ಎತ್ತಿ ಆರ್ಭಟಿಸುವ ಹೊತ್ತಿಗೆ ಒಬ್ಬರ ಮೇಲೊಬ್ಬರು ಬಿದ್ದು ಮಲಗಿರುತ್ತಿದ್ದೆವು. ಅಂಥ ನಿದ್ದೆ ಆಮೇಲೆ ಯಾವ ಮಂಚದ ಮೇಲೂ ಬರಲಿಲ್ಲ. ಊರಿನ ದೊಡ್ಡವರೆಲ್ಲ ಎದ್ದು ಕೂತು ನಮ್ಮ ಪರವಾಗಿ ನಾಟಕ ನೋಡುತ್ತಿದ್ದರು.

ನಿದ್ದೆಗೂ ಧ್ಯಾನಕ್ಕೂ ನಂಟಿದೆ ಅಂತ ಕೇಳಿ ಅದನ್ನೂ ವಿಚಾರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನವರು 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ವಿಪಶ್ಯನ ಧ್ಯಾನ ಮಾಡುವವರನ್ನು ತಲೆಗೆ ತಂತಿ ಅಂಟಿಸಿ ಮಲಗಿಸಿ, ರಾತ್ರಿಯಿಡೀ ಅವರ ಮಿದುಳಿನ ಅಲೆ ದಾಖಲಿಸಿದರು. ಸಾಮಾನ್ಯ ಜನರಿಗೆ ವಯಸ್ಸಾಗುತ್ತ ಗಾಢನಿದ್ದೆ ಕರಗುತ್ತದೆ, ಧ್ಯಾನಿಗಳಲ್ಲಿ ಅದು ಉಳಿದುಕೊಂಡಿತ್ತು. ನನಗೆ ಅದರಲ್ಲಿ ಹಿಡಿಸಿದ್ದು, ಒಬ್ಬರು ನೆಮ್ಮದಿಯಾಗಿ ಮಲಗಿದ್ದಾರೆಂದು ಬರೆದುಕೊಳ್ಳಲು ಇನ್ನೊಬ್ಬರು ಯಂತ್ರದ ಮುಂದೆ ಎದ್ದಿರಬೇಕಾಯಿತಲ್ಲ ಅನ್ನುವುದು. ಆ ಸಂಶೋಧಕರ ಅಮಿಗ್ಡಲ ಮಾರನೆಯ ದಿನ ಹೇಗಿತ್ತೋ. ನಾನೂ ಜಗುಲಿಯಲ್ಲಿ ಪದ್ಮಾಸನ ಹಾಕಿ ಉಸಿರು ಗಮನಿಸುತ್ತ ಕೂತೆ. ಗೊರಕೆ ಬೀದಿಯವರೆಗೆ ಕೇಳಿತು ಅಂತ ದೂರು ಬಂದ ಮೇಲೆ ನಿಲ್ಲಿಸಿದೆ.

ನಿದ್ದೆಗೇಡು ಅಂದರೆ ಏನಂತ ತಿಳಿಯಲು ರೇಷ್ಮೆ ಹುಳು ಸಾಕುವವರನ್ನು ನೋಡಬೇಕು ನೀವು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮವರು ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳು ಹೆಚ್ಚುಕಮ್ಮಿ ಒಂದು ದಿನ ತಲೆ ಎತ್ತಿ ಅಲ್ಲಾಡದೆ ಇರುತ್ತದೆ, ಸೊಪ್ಪು ಹಾಕುವಂತಿಲ್ಲ. ಹುಳಕ್ಕೆ ಜ್ವರ ಬಂದರೆ ಮನೆಮಂದಿಗೆಲ್ಲ ನಿದ್ದೆ! ನಾಲ್ಕನೇ ಜ್ವರ ಎದ್ದ ಮೇಲೆ ಮಾತ್ರ ಕೇಳಬೇಡಿ, ಒಂದು ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಬಹುಪಾಲನ್ನು ಅವು ತಿನ್ನುವುದು ಆ ಕೊನೆಯ ವಾರದಲ್ಲೇ. ರಾತ್ರಿಯೂ ಸೊಪ್ಪು ಹಾಕಬೇಕು. ಹುಳದ ಮನೆಯಲ್ಲಿ ಬಲ್ಬಿನ ಬೆಳಕಿನಲ್ಲಿ ನಿಂತರೆ ಅವು ಮೇಯುವ ಸದ್ದು ಸೋನೆ ಮಳೆ ಹಿಡಿದ ಹಾಗೆ ಕೇಳುತ್ತದೆ. ಆ ವಾರ ಆ ಮನೆಯವರ ಹತ್ತಿರ ಕೈಗಡ ಕೇಳಲು ಹೋಗಬಾರದು, ಸಂಬಂಧವೇ ಕಡಿದುಹೋಗುತ್ತದೆ.

ಹೀಗೆ ಯಾರಾದರೂ ಒಬ್ಬರು ಎದ್ದಿರುವುದನ್ನು ಅಳೆದು ನೋಡಿದವರೂ ಇದ್ದಾರೆ. ಪೂರ್ವ ಆಫ್ರಿಕದ ತಾಂಜಾನಿಯಾದಲ್ಲಿ ಹಾಡ್ಜಾ ಅಂತ ಒಂದು ಜನಾಂಗ. ಇವತ್ತಿಗೂ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು. ಸಂಶೋಧಕರು ಅಲ್ಲಿನ 33 ಜನ ವಯಸ್ಕರ ಕೈಗೆ ಗಡಿಯಾರದಂಥ ಯಂತ್ರ ಕಟ್ಟಿ 20 ದಿನ ಅವರ ನಿದ್ದೆ ಅಳೆದು 2017ರಲ್ಲಿ ಪ್ರಕಟಿಸಿದರು. ಅಷ್ಟೂ ರಾತ್ರಿಗಳನ್ನು ಕೂಡಿಸಿದರೆ ಅಷ್ಟೂ ಜನ ಒಟ್ಟಿಗೆ ನಿದ್ದೆ ಮಾಡಿದ್ದು 18 ನಿಮಿಷ ಮಾತ್ರ. ಉಳಿದಂತೆ ಯಾರಾದರೂ ಒಬ್ಬರಾದರೂ ಎಚ್ಚರ, ಇಲ್ಲವೇ ಅರೆಎಚ್ಚರ. ಯಾರೂ ಪಾಳಿ ಹಾಕಿ ಕಾವಲು ನಿಲ್ಲಿಸಿದ್ದಲ್ಲ. ಹರೆಯದವರು ತಡವಾಗಿ ಮಲಗುತ್ತಾರೆ, ವಯಸ್ಸಾದವರು ಬೇಗ ಎದ್ದುಬಿಡುತ್ತಾರೆ, ಹಾಗೆ ಗುಂಪಿಗೊಂದು ಕಾವಲು ತಾನಾಗಿಯೇ ಒದಗುತ್ತದೆ. ಮುದುಕರ ನಿದ್ದೆಗೇಡು ಕಾಯಿಲೆಯಲ್ಲ, ಮನುಷ್ಯಕುಲಕ್ಕೆ ಅದೊಂದು ಕಾಲದಲ್ಲಿ ಉಪಕಾರವಾಗಿತ್ತು ಅಂತ ಆ ಸಂಶೋಧಕರ ಊಹೆ. ಬಾತುಕೋಳಿಗಳೂ ಇದನ್ನು ಬಲ್ಲವು. ಸಾಲಾಗಿ ಮಲಗಿದಾಗ ನಡುವಿನವು ಎರಡೂ ಕಣ್ಣು ಮುಚ್ಚಿದರೆ, ತುದಿಯಲ್ಲಿರುವುದು ಹೊರಗಡೆಯ ಕಣ್ಣನ್ನು ತೆರೆದಿಟ್ಟುಕೊಂಡು ಅರ್ಧ ಮಿದುಳಿನಲ್ಲಿ ಮಾತ್ರ ನಿದ್ದೆ ಮಾಡುತ್ತದಂತೆ.

ಇಷ್ಟು ಓದಿ ನನಗೆ ಬಹಳ ಹೆಮ್ಮೆಯಾಯಿತು. ಇಷ್ಟು ದಿನ ರೋಗಿ ಅಂದುಕೊಂಡಿದ್ದೆ, ನಾನು ಕಾವಲುಗಾರ! ಪಕ್ಕದ ಮನೆಯ ರೈತ ಮಿತ್ರರಿಗೆ ಮೊದಲು ಹೇಳೋಣ ಅಂತ ಹೋದೆ. ಅವರದು ಸಾವಿರ ಅಡಿ ದಾಟಿದ ಬೋರು. ತ್ರೀ ಫೇಸ್ ಕರೆಂಟು ಬರುವುದು ಎಷ್ಟೋ ಸಲ ಅಪರಾತ್ರಿ. ಹಿಂದೆ ಟಾರ್ಚು ಹಿಡಿದು, ಹಾವಿಗೆ ಹೆದರಿ ಕಾಲು ಬಡಿಯುತ್ತ ತೋಟಕ್ಕೆ ಹೋಗಿ ಮೋಟ್ರು ಹಾಕಿ ಬರುತ್ತಿದ್ದರು. ಈಗ ಮೊಬೈಲ್ ಸ್ಟಾರ್ಟರ್ ಬಂದಿದೆ. ಕರೆಂಟು ಬಂದರೆ ಅದೇ ಫೋನು ಮಾಡುತ್ತದೆ, ಮಲಗಿದ ಕಡೆಯಿಂದಲೇ ಒಂದು ಗುಂಡಿ ಒತ್ತಿದರೆ ಸಾಕು. ಎಂಥ ಸುಖ ಅಂದೆ.

“ಏನ್ ಸುಖಾನೋ ಮೇಷ್ಟ್ರೇ. ಮುಂಚೆ ಎದ್ದೋಗಿ ಮೋಟ್ರು ಆಕ್ ಬಂದು ಸತ್ತೆಣ ಮಲಗ್ದಂಗೆ ಮಲಗ್ತಿದ್ದೆ. ಈಗ ಯಾವಾಗ ರಿಂಗ್ ಆಯ್ತದೋ ಅಂತ ಮಲಗಿದ್ದಲ್ಲೇ ಎದ್ದಿರ್ತೀನಿ,” ಅಂದರು. ಹಾಡ್ಜಾ ವಿಷಯವನ್ನು ಅವರಿಗೆ ಹೇಳದೆ ಬಂದೆ.

ನಮ್ಮನೆಯವಳಿಗೆ ಹೇಳಿದೆ. ಅವರೆಕಾಯಿ ಕಾಲ, ಮೊರದ ತುಂಬ ಕಾಯಿ ಬಿಡಿಸುತ್ತ ಕೂತಿದ್ದಳು. ಹಾಡ್ಜಾ, ಬಾತುಕೋಳಿ ಎಲ್ಲ ಮುಗಿಸಿ, ಲಕ್ಷ್ಮಣನ ಕಥೆಯನ್ನೂ ಸೇರಿಸಿದೆ. ಹದಿನಾಲ್ಕು ವರ್ಷ ಅವನು ಕಣ್ಣು ಮುಚ್ಚದೆ ಕಾವಲಿದ್ದದ್ದಕ್ಕೆ ತಾನೇ ಅಣ್ಣ ಅತ್ತಿಗೆ ಪರ್ಣಕುಟೀರದಲ್ಲಿ ಮಲಗಿದ್ದು? ಅವನ ಪಾಲಿನ ನಿದ್ದೆಯನ್ನೂ ಸೇರಿಸಿ ಊರ್ಮಿಳೆ ಅಯೋಧ್ಯೆಯಲ್ಲಿ ಮಲಗಿದ್ದಳು ಅಂತ ಗಡಿಯಾಚೆ ತೆಲುಗು ಹೆಣ್ಣುಮಕ್ಕಳು ಹಾಡು ಕಟ್ಟಿಕೊಂಡು ಹಾಡುತ್ತಾರೆ.

“ಅಂದ್ರೆ ನಿಮ್ ಪಾಲಿನ ನಿದ್ದೇನೂ ನಾನೇ ಮಾಡ್ತಿದೀನಿ ಅಂತ ತಾನೇ ನೀವ್ ಹೇಳ್ತಿರೋದು?”

“ಹಾಗಲ್ಲ ಕಣೆ...”

“ಸರಿ ಬಿಡಿ. ಹೆಂಗೂ ಎದ್ದಿರ್ತೀರಲ್ಲ,” ಅಂತ ಒಳಗೆ ಹೋಗಿ, ಬೆಳಗ್ಗೆ ನೆನೆಹಾಕಿದ್ದ ಅವರೆಕಾಳಿನ ಬೋಸಿಯನ್ನು ತಂದು ಮುಂದಿಟ್ಟಳು. “ನಾಳೆಗೆ ಹಿತಕಿದ ಬೇಳೆ ಸಾರು. ಕಾವಲು ಕಾಯೋರು ಸುಮ್ನೆ ಕೂತ್ಕೊಬಾರ್ದು.”

ಅವಳು ಕೋಣೆಗೆ ಹೋಗಿ ಅಲ್ಲಿನ ದೀಪ ಆರಿಸಿದಳು. ನಾನು ನಡುಮನೆಯ ಬೆಳಕಿನಲ್ಲಿ ಕೂತು ಹಿತಕತೊಡಗಿದೆ. ಎರಡು ಬೆರಳಿನ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಪಿಚಕ್ಕನೆ ಜಾರಿ ಬಟ್ಟಲಿಗೆ ಬೀಳುತ್ತದೆ, ಬೆರಳಲ್ಲಿ ಬರಿ ಸಿಪ್ಪೆ. ಸ್ವಲ್ಪ ಹೊತ್ತಿಗೆ ಕೈಗೆ ಅದರ ಲಯ ಹತ್ತಿತು. ಗೇಟಿನ ಚಿಲಕವೂ ನೆನಪಾಗಲಿಲ್ಲ, ಸ್ಟಾಫ್ ರೂಮಿನವರೂ ಬರಲಿಲ್ಲ. ಬೋಸಿ ಅರ್ಧವಾಗುವಷ್ಟರಲ್ಲಿ ಕತ್ತು ವಾಲಿತ್ತು.

“ರೀ, ಸಿಪ್ಪೆ ಎಲ್ಲಾ ಬೇಳೆ ಬಟ್ಟಲಿಗೇ ಬೀಳ್ತಿದೆ, ನೋಡ್ಕೊಳ್ಳಿ,” ಅಂತ ಕೋಣೆಯ ಕತ್ತಲಿನಿಂದ ದನಿ ಬಂತು. ಇವಳು ಮಲಗಿರಲೇ ಇಲ್ಲ.